ಬುಡ ಸೀಳಿ ಬೆಳೆಸುವ ಹುಲ್ಲು



ಲಿಂಗಸುಗೂರು ಸೀಮೆಯ ಹಟ್ಟಿಯೆಂದೊಡನೆ ನಮಗೆ ನೆನಪಾಗುವುದು ಚಿನ್ನ. ಅದಿರನ್ನು ಅರೆದು ಚಿನ್ನವನ್ನು ತೆಗೆದ ಮೇಲೆ ಉಳಿಯುವ ನುಣುಪಾದ ಮಣ್ಣಿನ ದಿಬ್ಬಗಳನ್ನು ನೆನೆಯುವವರು ವಿರಳ. ತಡೆಯಿಲ್ಲದಿದ್ದರೆ ಇಂತಹ ಮಣ್ಣು ಬೇಸಗೆಯಲ್ಲಿ ಗಾಳಿಗೆ ಹಾರುವುದು; ಮಳೆಯಲ್ಲಿ ತಗ್ಗಿಗೆ ಹರಿಯುವುದು.

ಇದನ್ನು ಹಿಡಿದು ನಿಲ್ಲಿಸಬಲ್ಲ ಹುಲ್ಲೊಂದುಂಟು. ಉದ್ಯಾನದ ಅಂಚಿಗೆ ಅಲಂಕಾರವಾಗಿಯೂ ಒಪ್ಪುವ ಲಾವಂಚವೇ ಅದು. ಗುಂಡ್ಲುಪೇಟೆಯ ಕಡೆಯ ರೈತರು ಬಹುಕಾಲದಿಂದ ಅದನ್ನು ಹೊಲದ ಎಲ್ಲೆಗೆ ನೆಟ್ಟುಬಂದಿದ್ದಾರೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಚಿನ್ನದ ಗಣಿಯ ಇಂತಹುದೇ ಮಣ್ಣಿನ ಮೇಲೆ ಅದನ್ನು ಬೆಳೆಸಿ ನೋಡಿದ್ದಾರೆ.

ದಕ್ಷಿಣದ ಸಾಗುವಳಿಯ ಲಾವಂಚದಲ್ಲಿ ಮೊಳೆಯುವ ಬೀಜ ಇಲ್ಲವೆಂದೇ ಹೇಳಬಹುದು. ಆದುದರಿಂದ ಅದು ಕಳೆಯಾಗಿ ಹಬ್ಬದು; ಹಬ್ಬಿಸಲು ಮನುಷ್ಯನ ಕೈಯೇ ಬೇಕು. ನರ್ಸರಿಯಲ್ಲಿ ಬಲಿತ ಬುಡವನ್ನು ಅಗೆದು, ಎರಡು ಮೂರು ಮರಿಗಳೂ ಒಂದಿಷ್ಟು ಬೇರೂ ಇರುವಂತೆ ಸೀಳಬೇಕು. ಗರಿಯನ್ನು ಸುಮಾರು 20 ಸೆಂಟಿಮೀಟರಿಗೂ ಬೇರನ್ನು 10 ಸೆಂಟಿಮೀಟರಿಗೂ ಕತ್ತರಿಸಿ, ಒದ್ದೆ ಗೋಣಿಯಲ್ಲಿ ನೆರಳಿಗಿಡಬೇಕು. ಒಣಗಿದ ಬೇರು ಚಿಗುರದು. ಮಳೆ ಹಿಡಿದೊಡನೆ ಇಳಿಜಾರಿಗೆ ಅಡ್ಡಲಾಗಿ, 10ರಿಂದ 15 ಸೆಂಟಿಮೀಟರು ಅಂತರದಲ್ಲಿ ನೆಡತಕ್ಕದ್ದು. ಸಾಲಿನಲ್ಲಿ ಒಂದು ಸಸಿ ಸತ್ತರೂ ನೀರು ಅಲ್ಲಿಯೇ ದಾರಿ ಮಾಡಿಕೊಳ್ಳುವುದು.

ಸಾಲು ಕೂಡಿಕೊಳ್ಳಲು ಕಾಲ ಬೇಕು. ಆದುದರಿಂದ ನರ್ಸರಿಯ ಕೆಲಸ ಮಳೆಗೆ ಮುನ್ನವೇ ಮೊದಲಾಗಬೇಕು.