ಸಿಪಾಯಿಯ ಆಜ್ಞಾಪಾಲನೆಗೆ ಗಡಿ ಎಲ್ಲಿ?

(ಸಂಘದ ಉಚಿತ ವಾಚನಾಲಯದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ವಿಷಯ ದೊಡ್ಡದು. ಮಾತಾಡಲು ನಿಂತ ನಾವಾದರೋ ಗಿರಣಿಯ ಕಾರಕೂನರು, ಮೆಟ್ರಿಕ್ಕಿಗೆ ಓದು ನಿಲ್ಲಿಸಿದವರು. ಇದು ವಕೀಲರು ಆಡಬೇಕಾದ ಮಾತು ಎಂದು ಯಾರಾದರೂ ಅಂದಾರು. ಆದರೆ ಬಂದೂಕು ಹಿಡಿದು ನಿಲ್ಲುವವರು ವಕೀಲರಲ್ಲ. ಬೆಳಗಾವಿಯ ಸುತ್ತಲಿನ ಹಳ್ಳಿಗಳಿಂದ, ಕೊಡಗಿನಿಂದ, ನಮ್ಮ ನಿಮ್ಮಂಥ ಮನೆಗಳಿಂದ ಲಷ್ಕರಕ್ಕೆ ಹೋದ ಹುಡುಗರು ಅವರು. ಆದುದರಿಂದ ಈ ಮಾತು ನಮ್ಮ ಮನೆಗಳಲ್ಲಿಯೂ ಆಗಬೇಕಾದದ್ದು.

ಶಿಸ್ತಿಲ್ಲದ ಸೈನ್ಯ ಸೈನ್ಯವಲ್ಲ, ಆಯುಧವುಳ್ಳ ಗುಂಪು. ಇದನ್ನು ಮೊದಲು ಒಪ್ಪಿಕೊಂಡೇ ಮುಂದಿನ ಮಾತು. ಹಿಮದಲ್ಲಿ ಕಾವಲು ನಿಲ್ಲು ಎಂದರೆ ನಿಲ್ಲಬೇಕು. ರಜೆ ಇಲ್ಲ ಎಂದರೆ ಇಲ್ಲ. ಶತ್ರುವಿನ ಗುಂಡಿಗೆ ಎದುರಾಗಿ ನಡೆ ಎಂದರೆ ನಡೆಯಬೇಕು. ಇವು ಕಠಿಣ ಆಜ್ಞೆಗಳು, ಆದರೆ ಅನ್ಯಾಯದವಲ್ಲ. ಉಂಡ ಮನೆಗೆ ಎರಡು ಬಗೆಯಬೇಡ ಎಂದು ನಮ್ಮ ಹಿರಿಯರು ಹೇಳುತ್ತ ಬಂದದ್ದೂ ಇದನ್ನೇ.

ಆದರೆ ಭೀಷ್ಮರೂ ಕೌರವರ ಅನ್ನ ಉಂಡವರೇ. ದ್ರೌಪದಿಯನ್ನು ಸಭೆಗೆ ಎಳೆತಂದಾಗ ಆ ಹಿರಿಯರಿಂದ ಅದು ತಪ್ಪಲಿಲ್ಲ. ಇದು ಅಧರ್ಮವೆಂದು ಎದ್ದು ಹೇಳಿದವನು ದುರ್ಯೋಧನನ ತಮ್ಮನಾದ ವಿಕರ್ಣ. ಅವನೂ ಅದೇ ಮನೆಯ ಅನ್ನವನ್ನೇ ಉಂಡವನು. ಅನ್ನದ ಋಣ ಎಲ್ಲಿಯ ವರೆಗೆ ಎಂಬ ಪ್ರಶ್ನೆ ನಮ್ಮಲ್ಲಿ ಹೊಸದೇನಲ್ಲ.

ಎರಡು ಏಪ್ರಿಲ್ ತಿಂಗಳುಗಳನ್ನು ನೆನೆಯೋಣ. 1919ರ ಏಪ್ರಿಲ್ 13ರಂದು ಅಮೃತಸರದ ಜಲಿಯನವಾಲಾ ಬಾಗಿನಲ್ಲಿ ಜನರಲ್ ಡಯರನು ಗುಂಡು ಹಾರಿಸಿರೆಂದನು. ಸುಮಾರು 50 ಜನ ಬಂದೂಕಿನವರು ಹತ್ತು ನಿಮಿಷಗಳಲ್ಲಿ 1650 ಗುಂಡು ಹಾರಿಸಿದರು. ಸರಕಾರದ ಲೆಕ್ಕದಲ್ಲಿಯೇ 379 ಜನ ಸತ್ತರು. ಹಾರಿಸಿದ ಸಿಪಾಯಿಗಳು ಹಿಂದುಸ್ತಾನದವರು, ಗೂರ್ಖರು. ಎದುರಿಗಿದ್ದ ಜನರ ಕೈಯಲ್ಲಿ ಶಸ್ತ್ರವಿರಲಿಲ್ಲ. ಡಯರನ ಹುದ್ದೆ ಹೋಯಿತು, ಮೊಕದ್ದಮೆ ಮಾತ್ರ ನಡೆಯಲಿಲ್ಲ.

ಹನ್ನೊಂದು ವರ್ಷಗಳ ಮೇಲೆ, 1930ರ ಏಪ್ರಿಲ್ 23ರಂದು ಪೇಶಾವರದ ಕಿಸ್ಸಾ ಖ್ವಾನಿ ಬಾಜಾರದಲ್ಲಿ ಜನ ಕೂಡಿದರು. ಉಪ್ಪಿನ ಸತ್ಯಾಗ್ರಹದ ಕಾಲವದು. ಖಾನ್ ಅಬ್ದುಲ್ ಗಫಾರ್ ಖಾನರ ಖುದಾಯಿ ಖಿದ್ಮತ್ಗಾರರು ಅಹಿಂಸೆಯ ಪ್ರತಿಜ್ಞೆ ಮಾಡಿದವರು. ಮುಂದಾಳುಗಳನ್ನು ಹಿಡಿದುದಕ್ಕಾಗಿ ಜನ ಸೇರಿದ್ದರು. ಸರಕಾರವು ಅಲ್ಲಿಗೆ ಗಢವಾಲ ರೈಫಲ್ಸ್ ಪಲಟಣಿನವರನ್ನು ತಂದಿತು. ಸಿಪಾಯಿಗಳು ಹಿಂದೂಗಳು, ಎದುರಿಗಿದ್ದವರು ಮುಸಲ್ಮಾನ ಪಠಾಣರು. ಇವರ ಕೈ ಅವರ ಮೇಲೆ ಸಲೀಸಾಗಿ ಏಳುವದೆಂಬ ಲೆಕ್ಕಾಚಾರ.

ಲೆಕ್ಕ ತಪ್ಪಿತು. ಹವಾಲ್ದಾರ ಚಂದ್ರಸಿಂಗ್ ಗಢವಾಲಿ ಮತ್ತು ಅವರ ಸಂಗಡಿಗರು ನಿಶ್ಶಸ್ತ್ರರ ಮೇಲೆ ಗುಂಡು ಹಾರಿಸಲು ಒಪ್ಪಲಿಲ್ಲ. ಚಂದ್ರಸಿಂಗರು ಹೆದರುಪುಕ್ಕಲರಲ್ಲ, ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ರಣರಂಗ ಕಂಡು ಬಂದವರು. ಅಂದು ಬಾಜಾರದಲ್ಲಿ ರಕ್ತ ಹರಿಯದೆ ಉಳಿಯಲಿಲ್ಲ. ಬೇರೆ ಪಡೆಯವರು ಹಾರಿಸಿದರು, ಬಹಳ ಜನ ಸತ್ತರು. ಆದರೆ ಆ ಗುಂಡುಗಳಲ್ಲಿ ಇವರದೊಂದೂ ಇರಲಿಲ್ಲ. ಇವರು ತಮ್ಮ ಸಾಹೇಬರ ಮೇಲೂ ಬಂದೂಕು ತಿರುಗಿಸಲಿಲ್ಲ. ಲಷ್ಕರಿ ನ್ಯಾಯಾಲಯ ಕೂಡಿತು. ಬ್ಯಾರಿಸ್ಟರ್ ಮುಕುಂದಿಲಾಲರು ಇವರ ಪರವಾಗಿ ನಿಂತರು. ಚಂದ್ರಸಿಂಗರಿಗೆ ಜನ್ಮಠೇಪಿನ ಸಜೆಯಾಯಿತು. ಸಂಗಡಿಗರಿಗೂ ವರ್ಷಗಟ್ಟಲೆ ಸೆರೆಮನೆ. ಹೊರಗೆ ಬಂದದ್ದು 1941ರಲ್ಲಿ. ಗುಂಡು ಹಾರಿಸಿದವರ ಮನೆಗೆ ಪಗಾರ ಹೋಯಿತು, ಹಾರಿಸದವರ ಮನೆಯಲ್ಲಿ ಒಲೆ ಆರಿತು.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಸ್ವತಃ ಗಾಂಧೀಜಿಯವರೇ ಗಢವಾಲಿಗಳ ಈ ನಡೆಯನ್ನು ಒಪ್ಪಲಿಲ್ಲ. ದುಂಡುಮೇಜಿನ ಪರಿಷತ್ತಿನ ದಿನಗಳಲ್ಲಿ ಫ್ರೆಂಚ್ ಪತ್ರಕರ್ತರೊಬ್ಬರು ಕೇಳಿದಾಗ, ಆಣೆ ಇಟ್ಟು ಸೈನ್ಯ ಸೇರಿದವನು ಆಜ್ಞೆ ಮೀರಿದರೆ ಆಣೆ ಮುರಿದಂತೆ ಎಂಬರ್ಥದಲ್ಲಿ ಉತ್ತರ ಕೊಟ್ಟರು. ನಾಳೆ ನಮ್ಮದೇ ಸರಕಾರ ಬಂದಾಗ ಇದೇ ಸಿಪಾಯಿಗಳು ನಮ್ಮ ಮಾತನ್ನೂ ಮೀರಿಯಾರು ಎಂಬ ಚಿಂತೆ ಅವರದು. ಇದು ಹಗುರಾದ ಮಾತಲ್ಲ. ತನಗೆ ಬೇಕಾದ ಆಜ್ಞೆಯನ್ನು ಆರಿಸಿಕೊಳ್ಳುವ ಸೈನ್ಯ ದೇಶಕ್ಕೆ ಅಪಾಯವೇ ಸರಿ.

ಆದರೂ ವಿನಯದಿಂದ ನಾವು ಕೇಳುವದು ಇಷ್ಟು: ಆಣೆ ಯಾರಿಗೆ ಇಟ್ಟದ್ದು? ಸ್ವತಂತ್ರ ಭಾರತದ ಸಿಪಾಯಿ ಆಣೆ ಇಡುವದು ಮೊದಲು ಕಾಯಿದೆಯಿಂದ ಸ್ಥಾಪಿತವಾದ ಸಂವಿಧಾನಕ್ಕೆ. ಮೇಲಧಿಕಾರಿಯ ಆಜ್ಞೆ ಅದರ ನಂತರ ಬರುತ್ತದೆ. ಜೀವಕ್ಕೆ ಅಪಾಯವಾದರೂ ಪಾಲಿಸುವೆನೆಂದು ಅವನು ಹೇಳುತ್ತಾನೆ, ನಿಜ. ಆದರೆ ಅವನು ಪಣವಿಡುವದು ತನ್ನ ಜೀವವನ್ನು, ನಿರಪರಾಧಿಯ ಜೀವವನ್ನಲ್ಲ.

ನಮ್ಮ ಕಾಯಿದೆಯೂ ಇದನ್ನೇ ಹೇಳುತ್ತದೆ. 1950ರ ಸೇನಾ ಕಾಯಿದೆಯ 41ನೆಯ ಕಲಮು ಆಜ್ಞೆ ಮೀರಿದವನಿಗೆ ಸಜೆ ವಿಧಿಸುತ್ತದೆ. ರಣಸೇವೆಯಲ್ಲಿದ್ದರೆ 14 ವರ್ಷದ ವರೆಗೆ. ಆದರೆ ಅಲ್ಲಿರುವ ಶಬ್ದ ಬರಿಯ ಆಜ್ಞೆಯಲ್ಲ, ಕಾಯಿದೆಬದ್ಧವಾದ ಆಜ್ಞೆ. ಭಾರತೀಯ ನ್ಯಾಯ ಸಂಹಿತೆಯ 14ನೆಯ ಕಲಮಿನಲ್ಲಿ ಗುಂಪಿನ ಮೇಲೆ ಗುಂಡು ಹಾರಿಸಿದ ಸಿಪಾಯಿಯ ಉದಾಹರಣೆಯೇ ಇದೆ. 1860ರ ದಂಡಸಂಹಿತೆಯಲ್ಲಿಯೂ ಇದ್ದಿತು. ಮೇಲಧಿಕಾರಿ ಹೇಳಿದನೆಂಬಷ್ಟರಿಂದಲೇ ಅವನಿಗೆ ರಕ್ಷಣೆಯಿಲ್ಲ. ಆ ಕೃತ್ಯ ಕಾಯಿದೆಗೆ ಅನುಸಾರವಾಗಿದ್ದರೆ ಮಾತ್ರ ರಕ್ಷಣೆ. ಪೊಲೀಸರ ಸುಳ್ಳು ಚಕಮಕಿಯ ಮೊಕದ್ದಮೆಯೊಂದರಲ್ಲಿ, 2011ರಲ್ಲಿ, ಸುಪ್ರೀಮ್ ಕೋರ್ಟು ಇದನ್ನು ಸ್ಪಷ್ಟವಾಗಿ ಹೇಳಿತು. ಮೇಲಿನವರ ಆಜ್ಞೆ ಎಂಬ ನೆಪ ಅಲ್ಲಿ ನಡೆಯುವದಿಲ್ಲ, ಅಕ್ರಮ ಆಜ್ಞೆಯನ್ನು ನಿರಾಕರಿಸುವದೇ ಅಧೀನ ನೌಕರನ ಕರ್ತವ್ಯ ಎಂದಿತು. ನಾಝಿ ಮುಖಂಡರ ನ್ಯೂರೆಂಬರ್ಗ್ ವಿಚಾರಣೆಯನ್ನೂ ಆಗ ನೆನಪಿಸಿತು.

ಇನ್ನು ಕಷ್ಟದ ಪ್ರಶ್ನೆ. ಹಳ್ಳಿಯ ಹುಡುಗ ಕಲಮು ಓದಿಕೊಂಡು ಬಂದೂಕು ಹಿಡಿಯುತ್ತಾನೆಯೇ? ಯಾವ ಆಜ್ಞೆ ಅಕ್ರಮವೆಂದು ಅವನಿಗೆ ತಿಳಿಯುವದು ಹೇಗೆ? ಇದಕ್ಕೆ ಇಸ್ರೇಲದ ಒಂದು ತೀರ್ಪು ದಾರಿ ತೋರಿಸುತ್ತದೆ. 1956ರ ಅಕ್ಟೋಬರ್ 29ರಂದು ಕಫ್ರ್ ಕಾಸಿಮ್ ಎಂಬ ಅರಬ ಹಳ್ಳಿಯಲ್ಲಿ ಸಂಜೆ ಐದಕ್ಕೆ ಕರ್ಫ್ಯೂ ಹಾಕಿದರು. ಊರ ಮುಖಂಡನಿಗೆ ಸುದ್ದಿ ಹೇಳಿದ್ದು ಅರ್ಧ ತಾಸು ಮೊದಲು. ಅದನ್ನರಿಯದೆ ಹೊಲದಿಂದ, ಕೆಲಸದಿಂದ ಮನೆಗೆ ಬರುತ್ತಿದ್ದವರನ್ನು ಗಡಿ ಪೊಲೀಸರು ಗುಂಡಿಕ್ಕಿದರು. ನಾಲ್ವತ್ತಕ್ಕೂ ಹೆಚ್ಚು ಜನ ಸತ್ತರು, ಹೆಂಗಸರು ಮಕ್ಕಳೂ ಸಹ. ಅದೇ ಆಜ್ಞೆ ಅಂದೇ ಸುತ್ತಲಿನ ಬೇರೆ ಹಳ್ಳಿಗಳಿಗೂ ಹೋಗಿತ್ತು. ಅಲ್ಲಿ ಕೆಲವು ತುಕಡಿಯ ಅಧಿಕಾರಿಗಳು ಜನರನ್ನು ಸುಮ್ಮನೆ ಮನೆಗೆ ಹೋಗಗೊಟ್ಟರು. ನ್ಯಾಯಾಧೀಶ ಬೆಂಜಮಿನ್ ಹಲೇವಿಯವರು 1958ರಲ್ಲಿ ಹೇಳಿದ್ದರ ಸಾರವಿದು: ಕೆಲವು ಆಜ್ಞೆಗಳ ಮೇಲೆ ಕಪ್ಪು ಬಾವುಟ ಹಾರುತ್ತಿರುತ್ತದೆ, ಅದನ್ನು ಕಾಣಲು ಕಾಯಿದೆಯ ಪಂಡಿತನಾಗಬೇಕಿಲ್ಲ, ಕಣ್ಣೂ ಹೃದಯವೂ ಇದ್ದರೆ ಸಾಕು.

ಸಂಶಯವಿದ್ದಲ್ಲಿ ಮೇಲಧಿಕಾರಿಯನ್ನು ಮತ್ತೆ ಕೇಳಬೇಕು, ಪಾಲಿಸಬೇಕು. ಸಂಶಯವೇ ಇಲ್ಲದಲ್ಲಿ, ಅಂದರೆ ಕೈ ಎತ್ತಿ ನಿಂತವನನ್ನು ಕೊಲ್ಲು, ಸೆರೆ ಸಿಕ್ಕವನನ್ನು ಹಿಂಸಿಸು, ಹೆಂಗಸಿನ ಮಾನಕ್ಕೆ ಕೈಹಾಕು ಎಂದಲ್ಲಿ, ಒಲ್ಲೆನೆನ್ನಬೇಕು. ಒಲ್ಲೆನೆಂದು ಅಲ್ಲಿಯೇ ನಿಲ್ಲಬೇಕು. ಓಡಬಾರದು, ಬಂದೂಕು ತಿರುಗಿಸಬಾರದು, ಕಂಡದ್ದನ್ನು ಮೇಲಿನವರಿಗೆ ತಿಳಿಸಬೇಕು.

ನಮ್ಮ ಗಿರಣಿಯ ಮಾತಿನಲ್ಲಿ ಹೇಳುವದಾದರೆ, ಸಾಹೇಬರು ರಾತ್ರಿ ಪಾಳಿಗೆ ಬಾ ಎಂದರೆ ಗೊಣಗುತ್ತಲಾದರೂ ಹೋಗುತ್ತೇವೆ. ಸುಳ್ಳು ಹಾಜರಿ ಬರೆ ಎಂದರೆ, ಬರೆದ ಕೈ ನಮ್ಮದೇ. ನಾಳೆ ಕೇಳುವದು ನಮ್ಮನ್ನೇ. ಮಸಿಗೇ ಈ ಹೊಣೆಯಿದ್ದಾಗ ಮದ್ದುಗುಂಡಿಗೆ ಇಲ್ಲವೇ?

ಒಲ್ಲೆನೆಂದವನ ಗತಿ ಏನು? ವಿಯೆಟ್ನಾಮಿನ ಮೈ ಲಾಯ್ ಹಳ್ಳಿಯಲ್ಲಿ 1968ರ ಮಾರ್ಚ್ 16ರಂದು ಅಮೆರಿಕದ ಸೈನಿಕರು ನೂರಾರು ಜನರನ್ನು ಕೊಲ್ಲುತ್ತಿದ್ದರು. ಹ್ಯೂ ಥಾಂಪ್ಸನ್ ಎಂಬ ತರುಣ ತನ್ನ ಹೆಲಿಕಾಪ್ಟರನ್ನು ಸೈನಿಕರಿಗೂ ಹಳ್ಳಿಗರಿಗೂ ನಡುವೆ ಇಳಿಸಿ ಕೆಲವರ ಜೀವ ಉಳಿಸಿದನು. ಊರಿಗೆ ಮರಳಿದ ಮೇಲೆ ಅವನಿಗೆ ಸಿಕ್ಕದ್ದು ಬೈಗುಳ, ಬೆದರಿಕೆ. ಇದಕ್ಕಾಗಿ ಪದಕ ಬಂದದ್ದು 1998ರಲ್ಲಿ. ನಮ್ಮ ಚಂದ್ರಸಿಂಗರು 1979ರಲ್ಲಿ ತೀರಿಕೊಂಡರು. ಅವರ ಅಂಚೆಚೀಟಿ ಬಂದದ್ದು 1994ರಲ್ಲಿ.

ಬಂಧುಗಳೇ, ಪದಕ, ಅಂಚೆಚೀಟಿ ಹೀಗೆ ತಡವಾಗಿ ಬರುತ್ತವೆ. ಅನ್ನ ಮಾತ್ರ ಅಂದೇ ಬೇಕು. ಆದುದರಿಂದ ಕರ್ತವ್ಯ ಸಿಪಾಯಿಯದೊಂದೇ ಅಲ್ಲ, ನಮ್ಮದೂ ಇದೆ. ಮಗನನ್ನು ಲಷ್ಕರಕ್ಕೆ ಕಳಿಸುವಾಗ ಶೂರನಾಗು ಎಂದು ಹರಸುತ್ತೇವೆ. ನಿಶ್ಶಸ್ತ್ರನ ಮೇಲೆ ಕೈ ಎತ್ತದವನೇ ಶೂರನೆಂಬದನ್ನೂ ಅದರೊಡನೆ ಹೇಳಿ ಕಳಿಸೋಣ. ಅಂಥ ಮಾತಿಗಾಗಿ ಅವನು ಕೆಲಸ ಕಳೆದುಕೊಂಡು ಮನೆಗೆ ಬಂದರೆ, ಓಣಿಯಲ್ಲಿ ತಲೆ ತಗ್ಗಿಸಿ ನಡೆಯುವ ಹಾಗೆ ಮಾಡದಿರೋಣ. ಅವನ ಮಕ್ಕಳ ಶಾಲೆಯ ಫೀಯನ್ನು ನಾಲ್ಕು ಮನೆಯವರು ಕೂಡಿ ಕಟ್ಟೋಣ.