ಕಾಮಾಲೆ ಒಂದೇ, ವೈರಸ್ ಐದು



ಇಲ್ಲಿ ಮಾಧವರಂನಲ್ಲಿ ಯಾರ ಕಣ್ಣಾದರೂ ಹಳದಿಯಾದರೆ ಮೊದಲ ಸಲಹೆ ಕೀಳಾನೆಲ್ಲಿ, ಅಂದರೆ ನಮ್ಮ ನೆಲನೆಲ್ಲಿ. "ಕುಡಿದೆ, ವಾಸಿಯಾಯಿತು" ಎನ್ನುವವರೂ ಇದ್ದಾರೆ. ಆದರೆ ಅದು ಯಾವ ಕಾಮಾಲೆ?

ಹೆಪಟೈಟಿಸ್ ಎ ಮತ್ತು ಇ ಕೊಳಕು ನೀರು, ಆಹಾರದಿಂದ ಬರುತ್ತವೆ. ಸಾಮಾನ್ಯವಾಗಿ ತಾವಾಗಿಯೇ ಗುಣವಾಗುತ್ತವೆ. ಹೆಸರು ಮಾತ್ರ ಸೊಪ್ಪಿಗೆ! ಆದರೆ ಗರ್ಭಿಣಿಯರಿಗೆ ಇ ಪ್ರಾಣಾಪಾಯ ತರಬಲ್ಲದು. ಲಾರಿ ನೀರಾಗಲಿ, ಕೊಳವೆಬಾವಿ ನೀರಾಗಲಿ, ಕುದಿಸಿ ಕುಡಿಯಿರಿ. ಶೌಚದ ನಂತರ, ಊಟಕ್ಕೆ ಮುಂಚೆ ಸೋಪಿನಿಂದ ಕೈ ತೊಳೆಯಿರಿ.

ಬಿ ಮತ್ತು ಸಿ ಬೇರೆಯೇ ಜಾತಿ. ಸೋಂಕಿನ ರಕ್ತ, ಬಳಸಿದ ಸೂಜಿ, ಬ್ಲೇಡುಗಳಿಂದ, ಅಸುರಕ್ಷಿತ ಲೈಂಗಿಕ ಸಂಪರ್ಕದಿಂದ, ತಾಯಿಯಿಂದ ಮಗುವಿಗೆ ಹರಡಬಲ್ಲವು. ಡಿ ಬರುವುದು ಬಿ ಇದ್ದವರಿಗೆ ಮಾತ್ರ. ಇವು ಕಣ್ಣು ಹಳದಿಯಾಗದೆಯೇ ವರ್ಷಗಟ್ಟಲೆ ಒಳಗಿದ್ದು ಸಿರೋಸಿಸ್, ಯಕೃತ್ತಿನ ಕ್ಯಾನ್ಸರ್ ತರಬಲ್ಲವು.

ನೆಲನೆಲ್ಲಿಯನ್ನು ವಿಜ್ಞಾನಿಗಳು ಕಡೆಗಣಿಸಿಲ್ಲ. 1988ರಲ್ಲಿ ಮದ್ರಾಸಿನ ಸಂಶೋಧಕರು, ಬಿ ವೈರಸ್ ಕಂಡುಹಿಡಿದ ಬರೂಕ್ ಬ್ಲೂಂಬರ್ಗ್ ಅವರೊಡಗೂಡಿ, ಆಶಾದಾಯಕ ಫಲಿತಾಂಶವನ್ನು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಮುಂದಿನ ಪರೀಕ್ಷೆಗಳು ಅದನ್ನು ದೃಢಪಡಿಸಲಿಲ್ಲ.

ಬಿಗೆ ಲಸಿಕೆ ಇದೆ. ಮಗು ಹುಟ್ಟಿದ 24 ಗಂಟೆಯೊಳಗೆ ಮೊದಲ ಡೋಸ್ ಕೊಡಿಸಿ. ಸಿಗೆ ಲಸಿಕೆಯಿಲ್ಲ, ಆದರೆ ಸುಮಾರು 3 ತಿಂಗಳು ಮಾತ್ರೆ ನುಂಗಿದರೆ ಬಹುತೇಕರು ಗುಣವಾಗುತ್ತಾರೆ. 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ನಿಗದಿತ ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆ, ಔಷಧಿ ಉಚಿತ.

ಆದ್ದರಿಂದ ಕಾಮಾಲೆ ಕಂಡರೆ ಸೊಪ್ಪು ಅರೆಯುತ್ತಾ ದಿನ ಕಳೆಯಬೇಡಿ. ಮೊದಲು ರಕ್ತ ಪರೀಕ್ಷೆ ಮಾಡಿಸಿ. ಹಿಂದೆ ರಕ್ತ ಪಡೆದಿದ್ದರೆ, ಮನೆಯಲ್ಲಿ ಯಾರಿಗಾದರೂ ಬಿ ಇದ್ದರೆ, ಕಾಮಾಲೆ ಬರುವವರೆಗೂ ಕಾಯಬೇಡಿ.