ಯಾರ ಕಾನೂನು ಎಣಿಸಿದ್ರೆ ಅದು ‘ಎಲ್ಲರ ಕಾನೂನು’ ಆಗುತ್ತೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಮೆಟ್ರೋದಲ್ಲಿ ನಿಂತ್ಕೊಂಡು ಕೇಳ್ತಿರೋರು, ಪಾತ್ರೆ ತೊಳೀತಾ ಕೇಳ್ತಿರೋರು, ಎಲ್ಲರಿಗೂ ಸ್ವಾಗತ. ಇವತ್ತಿನ ವಿಷಯದ ಹೆಸರು ಹೇಳಿದ್ರೆ ಅರ್ಧ ಜನ ಸ್ಕಿಪ್ ಮಾಡ್ತೀರಿ ಅಂತ ಗೊತ್ತು. ಆದ್ರೂ ಹೇಳ್ತೀನಿ: ಅಂತರರಾಷ್ಟ್ರೀಯ ಕಾನೂನು ಮತ್ತು ತೌಲನಿಕ ಕಾನೂನು. ಇವೆರಡರ ನಡುವಿನ ಸಂಬಂಧ. ಹೋಗ್ಬೇಡಿ, ಇದರಲ್ಲಿ ದಾದ್ರಾ ಇದೆ, ನಗರ ಹವೇಲಿ ಇದೆ, ನಿಮ್ಮ ಫೋನಿನ ಪ್ರೈವಸಿ ಇದೆ, ಹೊಲಕ್ಕೆ ದಾರಿ ಬಿಡದ ಪಕ್ಕದ ಜಮೀನಿನವರೂ ಇದ್ದಾರೆ.

ಮೊದಲು ಎರಡು ಪದ ಬಿಡಿಸೋಣ. ಅಂತರರಾಷ್ಟ್ರೀಯ ಕಾನೂನು ಅಂದ್ರೆ ದೇಶ ದೇಶಗಳ ನಡುವಿನ ನಿಯಮ. ಗಡಿ, ಸಮುದ್ರ, ಯುದ್ಧ, ಒಪ್ಪಂದ ಎಲ್ಲ ಅದರೊಳಗೆ ಬರುತ್ತೆ. ತೌಲನಿಕ ಕಾನೂನು ಅನ್ನೋದು ಒಂದು ಕಾನೂನೇ ಅಲ್ಲ. ಅದು ಓದೋ ಒಂದು ವಿಧಾನ. ಒಂದು ಸಮಸ್ಯೆಗೆ ಭಾರತ ಏನು ಹೇಳುತ್ತೆ, ಜರ್ಮನಿ ಏನು ಹೇಳುತ್ತೆ, ಬ್ರೆಜಿಲ್ ಏನು ಹೇಳುತ್ತೆ ಅಂತ ಪಕ್ಕಪಕ್ಕ ಇಟ್ಟು ನೋಡೋದು. ಲಾ ಕಾಲೇಜುಗಳಲ್ಲಿ ಇವೆರಡೂ ಬೇರೆ ಬೇರೆ ಪೇಪರ್. ಆದ್ರೆ ನಿಜವಾದ ಕೋರ್ಟಿನಲ್ಲಿ ಒಂದರ ಅಡುಗೆ ಇನ್ನೊಂದರ ಒಲೆ ಮೇಲೆ ಬೇಯುತ್ತೆ.

ನಾನು ಓದಿದ್ದು ಬಿ.ಕಾಂ. ಹಾಗಾಗಿ ಕಂಪನಿಯಿಂದ ಶುರು ಮಾಡ್ತೀನಿ. ಕಂಪನಿ ಲಾ ಓದಿದ ಪ್ರತಿಯೊಬ್ಬರಿಗೂ ಸಾಲೊಮನ್ ಕೇಸ್ ಗೊತ್ತು. 1896, ಲಂಡನ್. ಸಾಲೊಮನ್ ಅಂತ ಒಬ್ಬ ಬೂಟು ತಯಾರಕ. ತನ್ನ ವ್ಯಾಪಾರವನ್ನ ತಾನೇ ಕಟ್ಟಿದ ಕಂಪನಿಗೆ ಮಾರಿದ. 20,007 ಷೇರುಗಳಲ್ಲಿ 20,001 ಅವನದ್ದೇ, ಉಳಿದ ಆರು ಮನೆಯವರದ್ದು. ಕಂಪನಿ ಮುಳುಗಿತು. ಸಾಲ ಕೊಟ್ಟವರು ‘ಕಂಪನಿ ಬೇರೆ ಅಲ್ಲ, ಇವನು ಬೇರೆ ಅಲ್ಲ’ ಅಂದ್ರು. ‘ಬೇರೆನೇ’ ಅಂತು ಕೋರ್ಟು. ಸೆಪರೇಟ್ ಲೀಗಲ್ ಎಂಟಿಟಿ. ಪರೀಕ್ಷೆಗೆ ಎರಡು ದಿನ ಮುಂಚೆ ಎಲ್ಲರೂ ಬಾಯಿಪಾಠ ಮಾಡ್ತಿದ್ದ ಅದೇ ಸಾಲು.

ಈಗ ಇದೇ ಸಾಲು ದೇಶಗಳ ಜಗಳದೊಳಗೆ ಹೇಗೆ ನುಗ್ಗಿತು ನೋಡಿ. ಬಾರ್ಸಿಲೋನಾ ಟ್ರ್ಯಾಕ್ಷನ್ ಅಂತ ಒಂದು ವಿದ್ಯುತ್ ಕಂಪನಿ. ರಿಜಿಸ್ಟರ್ ಆಗಿದ್ದು 1911ರಲ್ಲಿ, ಕೆನಡಾದ ಟೊರಾಂಟೋದಲ್ಲಿ. ಕರೆಂಟು ಕೊಡ್ತಿದ್ದಿದ್ದು ಸ್ಪೇನ್‌ನಲ್ಲಿ. 1948ರಲ್ಲಿ ಸ್ಪೇನ್‌ನ ಒಂದು ಕೋರ್ಟು ಕಂಪನಿ ದಿವಾಳಿ ಅಂತ ಘೋಷಿಸಿಬಿಡ್ತು. ಬೆಲ್ಜಿಯಂ ಎದ್ದು ನಿಂತಿತು: ‘ಹೆಚ್ಚಿನ ಷೇರು ನಮ್ಮ ಜನರ ಕೈಲಿದೆ, ಅವರಿಗಾದ ನಷ್ಟ ಸ್ಪೇನ್ ಕಟ್ಟಿಕೊಡಬೇಕು.’ ಕೇಸು ದ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯ್ತು. ಷೇರುದಾರರ ಪರವಾಗಿ ಅವರ ದೇಶ ಕೇಸ್ ಹಾಕಬಹುದಾ? ದೇಶಗಳ ನಡುವಿನ ಕಾನೂನಲ್ಲಿ ಕಂಪನಿ ಅಂದ್ರೇನು, ಷೇರು ಅಂದ್ರೇನು ಅನ್ನೋದಕ್ಕೆ ತನ್ನದೇ ಆದ ನಿಯಮ ಇರಲಿಲ್ಲ. ಕೋರ್ಟು ಏನು ಮಾಡ್ತು? ಬೇರೆ ಬೇರೆ ದೇಶಗಳ ಒಳಗಿನ ಕಾನೂನುಗಳು ಸಾಮಾನ್ಯವಾಗಿ ಒಪ್ಪಿರೋ ಲಿಮಿಟೆಡ್ ಕಂಪನಿಯ ಕಲ್ಪನೆಯನ್ನ ಎತ್ತಿಕೊಳ್ತು. ಯಾವುದೋ ಒಂದು ದೇಶದ ಕಾನೂನಲ್ಲ, ಎಲ್ಲರಲ್ಲೂ ಸಾಮಾನ್ಯವಾಗಿರೋದು. ಕಂಪನಿ ಬೇರೆ, ಷೇರುದಾರ ಬೇರೆ. 1970ರ ಫೆಬ್ರುವರಿ 5ರಂದು 15–1 ಮತಗಳಲ್ಲಿ ಬೆಲ್ಜಿಯಂ ಸೋತಿತು.

ಅಂದ್ರೆ ಅಂತರರಾಷ್ಟ್ರೀಯ ಕಾನೂನಿಗೆ ತನ್ನ ಪೆಟ್ಟಿಗೆ ಖಾಲಿ ಅನ್ನಿಸಿದಾಗ, ದೇಶಗಳ ಮನೆಯೊಳಗಿನ ಕಾನೂನಿಂದ ಸಾಲ ತರುತ್ತೆ. ಎಲ್ಲರ ಮನೆಯಲ್ಲೂ ಇದೇನಾ ಅಂತ ನೋಡಿ ಹೇಳೋ ಕೆಲಸ ತೌಲನಿಕ ಕಾನೂನಿನದು. ಕೇಳೋಕೆ ಚೆನ್ನಾಗಿದೆ. ಆದ್ರೆ ‘ಎಲ್ಲರ ಮನೆ’ ಅಂದ್ರೆ ಯಾರ್ಯಾರ ಮನೆ?

ಇದಕ್ಕೆ ಉತ್ತರ ಹುಡುಕಕ್ಕೆ 1920ಕ್ಕೆ ಹೋಗ್ಬೇಕು. ಮೊದಲ ಮಹಾಯುದ್ಧ ಮುಗಿದು ವಿಶ್ವಕ್ಕೊಂದು ಖಾಯಂ ಕೋರ್ಟು ಬೇಕು ಅಂತ ಹತ್ತು ಜನ ಕಾನೂನು ಪಂಡಿತರು ಹೇಗ್‌ನಲ್ಲಿ ಕೂತ್ರು. ಒಪ್ಪಂದವೂ ಇಲ್ಲ, ರೂಢಿಯೂ ಇಲ್ಲ ಅಂದಾಗ ನ್ಯಾಯಾಧೀಶರು ಏನು ಮಾಡ್ಬೇಕು ಅನ್ನೋ ಪ್ರಶ್ನೆ ಬಂತು. ಅವರು ಬರೆದಿಟ್ಟ ಉತ್ತರ: ‘ನಾಗರಿಕತೆ ಹೊಂದಿದ ರಾಷ್ಟ್ರಗಳು’ ಮಾನ್ಯ ಮಾಡಿದ ಕಾನೂನಿನ ಸಾಮಾನ್ಯ ತತ್ವಗಳನ್ನ ಬಳಸಬಹುದು. ಆ ಹತ್ತು ಜನರಲ್ಲಿ ಏಷ್ಯಾದಿಂದ ಒಬ್ಬರೇ, ಜಪಾನಿನ ಅದಾಚಿ. ಆಫ್ರಿಕಾದಿಂದ ಯಾರೂ ಇಲ್ಲ. ನಾವಂತೂ ಆಗ ಬ್ರಿಟಿಷರ ಕೈಕೆಳಗೆ. ಇವತ್ತಿನ ಅಂತರರಾಷ್ಟ್ರೀಯ ನ್ಯಾಯಾಲಯದ ಸಂವಿಧಿಯ 38ನೇ ವಿಧಿಯಲ್ಲೂ ಆ ಪದ ಹಾಗೇ ಕೂತಿದೆ. ಹೋಗಿ ನೋಡಿ, ಅಳಿಸಿಲ್ಲ.

ಈಗ ನಮ್ಮ ಕಡೆಯ ಕೇಸಿಗೆ ಬರ್ತೀನಿ. ನನಗೆ ಇದರಷ್ಟು ಇಷ್ಟ ಆದ ಕೇಸು ಇನ್ನೊಂದಿಲ್ಲ, ಸ್ವಲ್ಪ ಹೊತ್ತು ಇಲ್ಲೇ ನಿಲ್ತೀನಿ.

ಗೋವಾ, ದಮನ್, ದಿಯು ಪೋರ್ಚುಗಲ್ ಕೈಯಲ್ಲಿದ್ವು, ಗೊತ್ತಲ್ವಾ. ದಮನ್ ಸಮುದ್ರ ದಂಡೇಲಿದೆ. ಅಲ್ಲಿಂದ ಒಳಗಡೆಗೆ ದಾದ್ರಾ ಮತ್ತು ನಗರ ಹವೇಲಿ ಅನ್ನೋ ಎರಡು ತುಂಡುಗಳೂ ಅವರದ್ದೇ. ಸುತ್ತಲೂ ಭಾರತದ ನೆಲ. ದಮನ್‌ನಿಂದ ಅಲ್ಲಿಗೆ ಹೋಗ್ಬೇಕಂದ್ರೆ ನಮ್ಮ ಜಾಗ ತುಳಿದೇ ಹೋಗ್ಬೇಕು. 1954ರ ಜುಲೈ–ಆಗಸ್ಟಲ್ಲಿ ಅಲ್ಲಿ ಪೋರ್ಚುಗೀಸ್ ಆಡಳಿತ ಉರುಳಿತು. ಭಾರತ ದಾರಿ ಮುಚ್ಚಿತು. ಪೋರ್ಚುಗಲ್ 1955ರ ಡಿಸೆಂಬರ್ 14ಕ್ಕೆ ವಿಶ್ವಸಂಸ್ಥೆ ಸೇರಿ, 19ಕ್ಕೆ ಕೋರ್ಟಿನ ಅಧಿಕಾರ ಒಪ್ಪಿ, 22ಕ್ಕೆ ಭಾರತದ ಮೇಲೆ ಕೇಸ್ ಹಾಕಿತು. ಆ ಸ್ಪೀಡ್ ನೋಡಿ!

‘ನಮ್ಮ ನೆಲಕ್ಕೆ ಹೋಗೋಕೆ ನಮಗೆ ದಾರಿಯ ಹಕ್ಕಿದೆ’ ಅನ್ನೋದು ಪೋರ್ಚುಗಲ್ ವಾದ. ಮರಾಠರ ಜೊತೆ 1779ರಲ್ಲಿ ಆದ ಒಪ್ಪಂದ ತೋರಿಸಿದ್ರು. ಹಳೇ ರೂಢಿ ತೋರಿಸಿದ್ರು. ಅದಲ್ಲದೆ ಇನ್ನೊಂದು ಅಸ್ತ್ರ ತಂದ್ರು: ಶಿಕಾಗೋ ವಿಶ್ವವಿದ್ಯಾಲಯದ ಪ್ರೊಫೆಸರ್ ಮ್ಯಾಕ್ಸ್ ರೈನ್‌ಸ್ಟೈನ್ ಅವರ ಒಂದು ತೌಲನಿಕ ಅಧ್ಯಯನ. ಅರವತ್ತಕ್ಕೂ ಹೆಚ್ಚು ಕಾನೂನು ವ್ಯವಸ್ಥೆಗಳನ್ನ ಜಾಲಾಡಿದ ಕೆಲಸ ಅದು. ತಾತ್ಪರ್ಯ ಇಷ್ಟು: ನಾಲ್ಕೂ ಕಡೆ ಬೇರೆಯವರ ಜಮೀನು ಇರೋ ಹೊಲದ ಮಾಲೀಕನಿಗೆ ಪಕ್ಕದ ಜಮೀನಿನ ಮೂಲಕ ಹೋಗೋ ಹಕ್ಕನ್ನ ಪ್ರಪಂಚದ ಕಾನೂನುಗಳು ಒಪ್ಪುತ್ವೆ. ಹಾಗಾಗಿ ದೇಶಗಳ ನಡುವೆಯೂ ಅದೇ ತತ್ವ ನಡೀಬೇಕು.

ಹಳ್ಳಿ ಕಡೆಯವರಿಗೆ ಇದನ್ನ ವಿವರಿಸೋದೇ ಬೇಡ. ಬಂಡಿ ದಾರಿ, ನಕಾಶೆ ಕಂಡ ದಾರಿ, ತಹಶೀಲ್ದಾರ್ ಸ್ಥಳ ಪರಿಶೀಲನೆ, ದಾರಿಗೆ ಅಡ್ಡ ಬೇಲಿ. ಯಾವ ತಾಲ್ಲೂಕು ಕಚೇರಿಗೆ ಬೇಕಾದ್ರೂ ಹೋಗಿ, ಇಂಥದ್ದೊಂದು ಫೈಲು ಸಿಗುತ್ತೆ. ನಮ್ಮ 1882ರ ಅನುಭೋಗದ ಹಕ್ಕುಗಳ ಕಾಯ್ದೆಯಲ್ಲೂ ‘ಅಗತ್ಯದಿಂದ ಹುಟ್ಟೋ ದಾರಿ’ ಇದೆ. ಅಂದ್ರೆ ಪೋರ್ಚುಗಲ್ ನಮ್ಮದೇ ಕಾನೂನಿನ ಸಾಮಾನನ್ನ ನಮ್ಮ ಮೇಲೇ ತಿರುಗಿಸೋ ಜಾಗದಲ್ಲಿ ನಿಂತಿತ್ತು.

ವಾದ ಜಾಣತನದ್ದು ಅಂತ ಒಪ್ಪಬೇಕು. ಆದ್ರೆ ನನಗೆ ಎರಡು ಕಡೆ ತಡೆಯುತ್ತೆ. ಒಂದು, ರೈತ ಹೊಲಕ್ಕೆ ಎತ್ತು ಹೊಡ್ಕೊಂಡು ಹೋಗೋದೂ, ವಸಾಹತು ಆಳೋರು ಬಂದೂಕು ಹಿಡಿದ ಪೊಲೀಸರನ್ನ ಕರ್ಕೊಂಡು ಹೋಗೋದೂ ಒಂದೇನಾ? ನಿಯಮದ ಅಕ್ಷರ ಹೋಲುತ್ತೆ, ಅದರ ಹಿಂದಿನ ಕಾರಣ ಹೋಲಲ್ಲ. ಎರಡು, ಅರವತ್ತು ದೇಶ ಅಂದ ತಕ್ಷಣ ಅರವತ್ತು ಸಾಕ್ಷಿ ಅಲ್ಲ. ಅವತ್ತಿನ ಪ್ರಪಂಚದ ಬಹುಪಾಲು ಕಾನೂನುಗಳ ಬೇರು ಹುಡುಕ್ತಾ ಹೋದ್ರೆ ಫ್ರೆಂಚ್ ಸಂಹಿತೆ, ಜರ್ಮನ್ ಸಂಹಿತೆ, ಇಂಗ್ಲಿಷ್ ಕಾಮನ್ ಲಾ, ಸ್ಪೇನ್–ಪೋರ್ಚುಗಲ್ ಕಾನೂನು ಹೀಗೆ ಬೆರಳೆಣಿಕೆ ಮನೆಗಳು ಸಿಗುತ್ವೆ. ನಮ್ಮ 1882ರ ಕಾಯ್ದೆ ಬರೆದಿದ್ದೂ ಬ್ರಿಟಿಷರ ಕಾಲದಲ್ಲೇ. ಒಂದೇ ವಾಟ್ಸಾಪ್ ಫಾರ್ವರ್ಡ್ ಅರವತ್ತು ಗ್ರೂಪಿಂದ ಬಂದ್ರೆ ಅದು ಅರವತ್ತು ಸುದ್ದಿ ಆಗಲ್ಲ ಅಲ್ವಾ? ಹೇರಿದವರೇ ಹೇರಿದ್ದನ್ನ ಎಣಿಸಿ ‘ನೋಡಿ, ಎಲ್ಲರೂ ಒಪ್ಪಿದ್ದಾರೆ’ ಅಂದ್ರೆ ಹೇಗೆ?

ಭಾರತದ ಪರ ಅಟಾರ್ನಿ ಜನರಲ್ ಎಂ.ಸಿ. ಸೆಟಲ್ವಾಡ್ ಇದ್ರು. ಬಾಂಬೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಎಂ.ಸಿ. ಛಾಗ್ಲಾ ಆ ಕೇಸಿಗೆ ಭಾರತ ಆರಿಸಿದ ತಾತ್ಕಾಲಿಕ ನ್ಯಾಯಾಧೀಶರು. 1960ರ ಏಪ್ರಿಲ್ 12ಕ್ಕೆ ತೀರ್ಪು ಬಂತು. ಸಾಮಾನ್ಯ ಜನ, ಸಿವಿಲ್ ಅಧಿಕಾರಿಗಳು, ಸರಕು ಹೋಗೋಕೆ ಪೋರ್ಚುಗಲ್‌ಗೆ ದಾರಿಯ ಹಕ್ಕಿತ್ತು, 11–4. ಸೇನೆ, ಶಸ್ತ್ರಸಜ್ಜಿತ ಪೊಲೀಸ್, ಆಯುಧ ಸಾಗಿಸೋಕೆ ಹಕ್ಕಿರಲಿಲ್ಲ, 8–7. ಭಾರತ 1954ರಲ್ಲಿ ತನ್ನ ಹೊಣೆ ಮೀರಿ ನಡ್ಕೊಂಡಿಲ್ಲ, 9–6.

ಆ ಅರವತ್ತು ದೇಶಗಳ ಅಧ್ಯಯನ ಏನಾಯ್ತು ಅಂತೀರಾ? ಕೋರ್ಟು ಅದನ್ನ ಮುಟ್ಟೋ ಗೋಜಿಗೇ ಹೋಗಲಿಲ್ಲ. ಸುಮಾರು ನೂರ ಇಪ್ಪತ್ತೈದು ವರ್ಷ ಎರಡು ಕಡೆಯವರೂ ನಡೆಸಿಕೊಂಡು ಬಂದ ಸ್ಥಳೀಯ ರೂಢಿ ಇದೆ, ಅದೇ ಸಾಕು, ಸಾಮಾನ್ಯ ತತ್ವಗಳನ್ನ ಪರಿಶೀಲಿಸೋ ಅಗತ್ಯ ಇಲ್ಲ ಅಂತು. ಸೇನೆ, ಪೊಲೀಸರ ವಿಷಯದಲ್ಲಿ ಬ್ರಿಟಿಷರ ಕಾಲದಿಂದಲೂ ಅನುಮತಿ ಕೇಳಿಯೇ ಹೋಗ್ತಿದ್ರು, ಹಾಗಾಗಿ ಅದು ಹಕ್ಕಲ್ಲ ಅಂತು. ತಾಲ್ಲೂಕು ಕಚೇರಿ ಭಾಷೆಯಲ್ಲಿ ಹೇಳೋದಾದ್ರೆ, ಬೇರೆ ಊರಿನ ನಕಾಶೆ ಬೇಡ, ಈ ಎರಡು ಜಮೀನಿನವರು ಇಷ್ಟು ದಿನ ಹೇಗೆ ಓಡಾಡಿದ್ರು ಅಷ್ಟೇ ಹೇಳಿ ಅಂದಹಾಗೆ. ನನ್ನ ಪ್ರಕಾರ ಅದು ಸರಿಯಾದ ದಾರಿ. ಆದ್ರೆ ಇದರಿಂದ ಒಂದು ನಷ್ಟವೂ ಆಯ್ತು. ಎಷ್ಟು ದೇಶ ಹೋಲಿಸಿದ್ರೆ ಸಾಕು, ಹೇಗೆ ಹೋಲಿಸಬೇಕು ಅಂತ ಕೋರ್ಟು ಹೇಳೋ ಅವಕಾಶ ಕೈತಪ್ಪಿತು.

ಒಂಬತ್ತು ವರ್ಷ ಆದ್ಮೇಲೆ, 1969ರಲ್ಲಿ, ಉತ್ತರ ಸಮುದ್ರದ ತಳ ಹಂಚಿಕೆಯ ಕೇಸಲ್ಲಿ ಲೆಬನಾನ್‌ನ ನ್ಯಾಯಾಧೀಶ ಫುವಾದ್ ಅಮ್ಮೂನ್ ತಮ್ಮ ಪ್ರತ್ಯೇಕ ಅಭಿಪ್ರಾಯದಲ್ಲಿ ‘ನಾಗರಿಕತೆ ಹೊಂದಿದ ರಾಷ್ಟ್ರಗಳು’ ಅನ್ನೋ ಪದವನ್ನೇ ಹಿಡ್ಕೊಂಡ್ರು. ಎಲ್ಲ ದೇಶಗಳೂ ಸಮಾನ ಅಂತ ವಿಶ್ವಸಂಸ್ಥೆಯ ಸನ್ನದು ಹೇಳಿದ್ಮೇಲೆ ಈ ಪದಕ್ಕೆ ಜಾಗ ಇಲ್ಲ ಅನ್ನೋದು ಅವರ ನಿಲುವು. ಆಮೇಲೆ ಅರ್ಧ ಶತಮಾನ ಕಳೀತು. 2023ರಲ್ಲಿ ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಕಾನೂನು ಆಯೋಗ ಮೊದಲ ವಾಚನದಲ್ಲಿ ಒಪ್ಪಿದ ಕರಡಿನಲ್ಲಿ ಆ ಪದದ ಬದಲು ‘ರಾಷ್ಟ್ರಗಳ ಸಮುದಾಯ’ ಅಂತ ಬಳಸಿದೆ. ಜೊತೆಗೆ, ಹೋಲಿಕೆ ವಿಶಾಲವಾಗಿರಬೇಕು, ಪ್ರಾತಿನಿಧಿಕವಾಗಿರಬೇಕು, ಬೇರೆ ಬೇರೆ ಕಾನೂನು ಕುಟುಂಬಗಳು ಮತ್ತು ಪ್ರಪಂಚದ ಬೇರೆ ಬೇರೆ ಪ್ರದೇಶಗಳು ಅದರಲ್ಲಿ ಇರಬೇಕು ಅಂತ ಸೇರಿಸಿದೆ. ನನಗೆ ಪದ ಬದಲಾಗಿದ್ದಕ್ಕಿಂತ ಈ ಎರಡನೇದೇ ದೊಡ್ಡದು. ಹೆಸರು ಬದಲಾಯಿಸೋದು ಸುಲಭ. ಕೆನ್ಯಾದ, ಇಂಡೋನೇಷ್ಯಾದ ತೀರ್ಪು ತೆಗೆದು ಓದೋದು ಕಷ್ಟದ ಕೆಲಸ.

ಈ ಕಡೆ ವಿದ್ವಾಂಸರ ಲೋಕದಲ್ಲಿ ಪ್ರಶ್ನೆ ಉಲ್ಟಾ ಆಗಿದೆ. ಮೊದಲು, ದೇಶಗಳ ಕಾನೂನು ಹೋಲಿಸಿ ಅಂತರರಾಷ್ಟ್ರೀಯ ಕಾನೂನು ಕಟ್ಟೋಣ ಅಂತಿದ್ರು. ಈಗ, ಅಂತರರಾಷ್ಟ್ರೀಯ ಕಾನೂನನ್ನೇ ದೇಶದಿಂದ ದೇಶಕ್ಕೆ ಹೋಲಿಸಿ ನೋಡೋಣ ಅಂತಿದ್ದಾರೆ. ಆಂಥಿಯಾ ರಾಬರ್ಟ್ಸ್ ಅನ್ನೋ ವಿದ್ವಾಂಸೆ 2017ರಲ್ಲಿ ಒಂದು ಪುಸ್ತಕ ಬರೆದ್ರು. ಅದರ ಹೆಸರೇ ಒಂದು ಪ್ರಶ್ನೆ: ಅಂತರರಾಷ್ಟ್ರೀಯ ಕಾನೂನು ಅಂತರರಾಷ್ಟ್ರೀಯವಾ? ಅಮೆರಿಕ, ಬ್ರಿಟನ್, ಫ್ರಾನ್ಸ್, ರಷ್ಯಾ, ಚೀನಾ, ಈ ಐದು ದೇಶಗಳ ಪ್ರೊಫೆಸರ್‌ಗಳು ಎಲ್ಲಿ ಓದಿದ್ರು, ಯಾವ ಭಾಷೆಯಲ್ಲಿ ಬರೀತಾರೆ, ಅವರ ಪಠ್ಯಪುಸ್ತಕಗಳು ಯಾವ ದೇಶದ ಕೇಸುಗಳನ್ನ ಉಲ್ಲೇಖಿಸುತ್ವೆ ಅಂತ ಅವರು ನೋಡಿದ್ರು. ವಿಷಯ ಒಂದೇ, ಪುಸ್ತಕ ಬೇರೆ ಬೇರೆ. ವಿದ್ಯಾರ್ಥಿಗಳು ಹರಿಯೋ ದಿಕ್ಕೂ ಹೆಚ್ಚಾಗಿ ಒಂದೇ, ಪಶ್ಚಿಮದ ಕೆಲವೇ ವಿಶ್ವವಿದ್ಯಾಲಯಗಳ ಕಡೆಗೆ. 2014ರಲ್ಲಿ ರಷ್ಯಾ ಕ್ರೈಮಿಯಾ ತನ್ನದು ಮಾಡ್ಕೊಂಡಾಗ ಪಶ್ಚಿಮದ ಬಹುತೇಕ ವಿದ್ವಾಂಸರು ಇದು ಅಕ್ರಮ ಅಂದ್ರು, ರಷ್ಯಾದ ಬಹುತೇಕ ವಿದ್ವಾಂಸರು ಸಮರ್ಥಿಸಿದ್ರು. ಒಂದೇ ವಿಶ್ವಸಂಸ್ಥೆಯ ಸನ್ನದು ಹಿಡ್ಕೊಂಡು! ‘ಹಾಗಾದ್ರೆ ಎಲ್ಲ ಬರೀ ರಾಜಕೀಯ’ ಅಂತ ಷಟರ್ ಎಳೆಯೋಕೆ ನಾನಂತೂ ತಯಾರಿಲ್ಲ. ಕ್ರೈಮಿಯಾದ ವಿಷಯದಲ್ಲಿ ಸರಿ ತಪ್ಪು ಇದೆ. ಆದ್ರೆ ಯಾರು ಯಾವ ಪುಸ್ತಕ ಓದಿ ಬೆಳೆದಿದ್ದಾರೆ ಅಂತ ಗೊತ್ತಿಲ್ಲದೆ ಎದುರಿನವರ ಜೊತೆ ವಾದ ಮಾಡೋಕಾಗಲ್ಲ.

ಕೊನೆಯದಾಗಿ ನಿಮ್ಮ ಫೋನು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದ್ರು. ಆ ಕೇಸಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಅಂದಿದ್ದು. ತೀರ್ಪು ಇವತ್ತು ನಾವು ಮಾತಾಡಿದ ಎರಡೂ ಸಾಮಾನು ಬಳಸುತ್ತೆ. ಭಾರತ 1979ರಲ್ಲಿ ಸೇರಿದ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯ 17ನೇ ವಿಧಿ ಇದೆ. ಜೊತೆಗೆ ಬೇರೆ ದೇಶಗಳನ್ನ ಹೋಲಿಸೋಕೆ ಅಂತಲೇ ಒಂದು ಭಾಗ ಇದೆ. ಬ್ರಿಟನ್, ಅಮೆರಿಕ, ದಕ್ಷಿಣ ಆಫ್ರಿಕಾ, ಕೆನಡಾ, ಆಮೇಲೆ ಯುರೋಪಿನ ಮತ್ತು ಅಮೆರಿಕ ಖಂಡಗಳ ಮಾನವ ಹಕ್ಕು ನ್ಯಾಯಾಲಯಗಳು. ತೀರ್ಪು ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಆ ಭಾಗದ ತಲೆಬರಹಗಳಲ್ಲಿ ಏಷ್ಯಾದ ಒಂದು ದೇಶವೂ ಇಲ್ಲ. ಇದು ಯಾರದ್ದೋ ಪಿತೂರಿ ಅಂತ ನಾನು ಹೇಳ್ತಿಲ್ಲ. ನಮ್ಮ ವಕೀಲರು, ಜಡ್ಜ್‌ಗಳು ಇಂಗ್ಲಿಷ್ ಓದ್ತಾರೆ, ಇಂಗ್ಲಿಷಲ್ಲಿ ಸುಲಭವಾಗಿ ಸಿಗೋದು ಇವೇ. ಕೊರಿಯಾದ ಕೋರ್ಟು ಏನಂತು ಅಂತ ನೋಡ್ಬೇಕಂದ್ರೆ ಮೊದಲು ಯಾರಾದ್ರೂ ಅನುವಾದ ಮಾಡ್ಬೇಕು, ಆಮೇಲೆ ಅಲ್ಲಿನ ಸಮಾಜ ಗೊತ್ತಿರೋರು ವಿವರಿಸ್ಬೇಕು. ಆ ಕೆಲಸ ಮಾಡೋರು ನಮ್ಮಲ್ಲಿ ಎಷ್ಟು ಜನ ಇದ್ದಾರೆ? ಲಾ ಓದ್ತಾ ಇರೋ ಕೇಳುಗರು ಯಾರಾದ್ರೂ ಇದ್ರೆ, ಪ್ರಾಜೆಕ್ಟ್‌ಗೆ ವಿಷಯ ಹುಡುಕ್ತಾ ಇದ್ರೆ, ತಗೊಳ್ಳಿ, ಇಲ್ಲಿದೆ.

ಪುಟ್ಟಸ್ವಾಮಿ ತೀರ್ಪು ಸುಪ್ರೀಂ ಕೋರ್ಟ್ ವೆಬ್‌ಸೈಟಲ್ಲಿ ಪುಕ್ಕಟೆ ಸಿಗುತ್ತೆ. ಐನೂರಕ್ಕೂ ಹೆಚ್ಚು ಪುಟ, ಪೂರ್ತಿ ಓದಿ ಅಂತ ನಾನು ಹೇಳಲ್ಲ. ಆ ಹೋಲಿಕೆಯ ಭಾಗ ಒಂದನ್ನ ತೆಗೆದು, ಯಾವ್ಯಾವ ದೇಶ ಬಂದಿದೆ ಅಂತ ಒಂದು ಚೀಟೀಲಿ ಬರ್ಕೊಂಡು ನನಗೆ ಕಳಿಸಿ. ಮುಂದಿನ ವಾರ ಡೇಟಾ ಸಂರಕ್ಷಣೆಯ 2023ರ ಕಾಯ್ದೆ ಮಾತಾಡೋದಿದೆ, ಆಗ ಆ ಚೀಟಿ ಕೆಲಸಕ್ಕೆ ಬರುತ್ತೆ. ಸಿಗೋಣ.